ಶನಿವಾರದ ಎಣ್ಣೆ

ಚಹಾಪುಡಿಯ ಪಾಕೀಟನ್ನು ನೀವು ಹೇಗೆ ಒಡೆಯುತ್ತೀರಿ? ಹಲ್ಲಿನಿಂದ ಕಚ್ಚಿ ಹರಿಯುವವರಾದರೆ ನಿಮ್ಮ ನನ್ನ ಸ್ನೇಹ ಇಲ್ಲಿಗೇ ನಿಂತಿತೆಂದು ತಿಳಿಯಿರಿ. ಏಕೆಂದರೆ ಅದರ ಬೆನ್ನಿಗೆ, ಚುಕ್ಕೆಗೆರೆಯ ಚೌಕಟ್ಟಿನೊಳಗೆ, ಮುಂದಿನ ಖರೀದಿಗೆ ಹತ್ತು ರೂಪಾಯಿ ಸೋಡಿ ಕೊಡುವ ಕೂಪನ್ನೊಂದು ತಣ್ಣಗೆ ಮಲಗಿರುತ್ತದೆ, ಮತ್ತು ನಿಮ್ಮ ಕೋರೆಹಲ್ಲು ಅದನ್ನು ಆಗಲೇ ಎರಡು ಹೋಳು ಮಾಡಿರುತ್ತದೆ.

ಈ ವಿದ್ಯೆ ನನಗೂ ತಡವಾಗಿಯೇ ಒಲಿದದ್ದು. ಮುನವಳ್ಳಿ, ಸವದತ್ತಿಯ ಶಾಲೆಗಳಲ್ಲಿ ಮಕ್ಕಳ ಕಾಪಿ ತಿದ್ದುತ್ತಲೇ ಆಯುಷ್ಯ ಸವೆಸಿ, ನಿವೃತ್ತನಾಗಿ ಬೈಲಹೊಂಗಲದ ಮನೆಯಲ್ಲಿ ಕೂತ ಮೇಲೆ, ತಿದ್ದಲು ಬೇರೇನೂ ಸಿಗದೆ ಹೆಂಡತಿ ಶಾಂತಾಳ ಕಿರಾಣಿ ಚೀಟಿಗೆ ಕೈ ಹಾಕಿದೆ. ಆಕೆಯ ಚೀಟಿಯಲ್ಲಿ ಪ್ರತಿಸಲವೂ ಏನಾದರೊಂದು ಸಾಮಾನು ಬಿಟ್ಟುಹೋಗುತ್ತಿತ್ತು: ಒಮ್ಮೆ ಜೀರಿಗೆ, ಒಮ್ಮೆ ಕಡ್ಡಿಪೆಟ್ಟಿಗೆ. ಅದಕ್ಕಾಗಿ ಮತ್ತೆ ಓಣಿಯ ತುದಿಯ ನೀಲವ್ವನ ಅಂಗಡಿಗೆ ಹೋಗುವುದು, ಒಂದು ಚಿಟಿಕೆ ಜೀರಿಗೆಗೆ ಒಂದು ತಾಸು ಕಳೆದು ಬರುವುದು. ಇಂಥ ಅವ್ಯವಸ್ಥೆಯನ್ನು ಕಂಡೂ ಸುಮ್ಮನಿರುವವನು ಯಾವ ಸೀಮೆಯ ಮಾಸ್ತರ! ಅದೇ ಹೊತ್ತಿಗೆ ಬಸ್ ನಿಲ್ದಾಣದ ಹತ್ತಿರ ದೊಡ್ಡ ಅಂಗಡಿಯೊಂದು ತೆರೆದು ಮನೆಮನೆಗೆ ಕೂಪನ್ ಪುಸ್ತಿಕೆ ಹಂಚಿತು. "ಇನ್ನ ಮುಂದ ಸಂತಿ ನಾ ಮಾಡತೇನಿ" ಎಂದು ಸಾರಿದೆ. ಶಾಂತಾ ಚೀಲವನ್ನು ನನ್ನ ಕೈಗಿತ್ತು ಒಳಗೆ ಹೋದಳು. ಪಾಪ, ಇಷ್ಟು ವರ್ಷದ ಮೇಲೆ ಆಕೆಗೆ ವಿಶ್ರಾಂತಿ ಸಿಕ್ಕಿತೆಂದು ನಾನು ಬೀಗಿದೆ.

ಹೊಸದಾಗಿ ಕೂಪನ್ ದೀಕ್ಷೆ ತೊಡುವವರಿಗೆ ನನ್ನ ಉಪದೇಶ ಚಿಕ್ಕದು. ಒಂದು ಹರಿತವಾದ ಕತ್ತರಿ ಇರಲಿ. ಕತ್ತರಿಸಿದ್ದನ್ನು ಇಡಲು ಹಳೆಯ ಲಗ್ನಪತ್ರಿಕೆಯ ಲಕೋಟೆ ಸಾಕು. ಅಡಿಯಲ್ಲಿ ಇರುವೆ ಸಾಲಿನಂತೆ ಹರಿಯುವ ಷರತ್ತುಗಳನ್ನು ಓದಲು ಚಷ್ಮಾ ಮರೆಯಬೇಡಿ. ಬೇಡವಾದದ್ದನ್ನು ಅಗ್ಗವೆಂದು ಕೊಳ್ಳಲಾರೆನೆಂಬ ಪ್ರತಿಜ್ಞೆಯನ್ನೂ ಮಾಡಿ. ನಾನು ಅದನ್ನು ಮಾಡಿದ ವಾರವೇ ಎರಡಕ್ಕೆ ಒಂದು ಪುಕ್ಕಟೆಯೆಂದು ಮೂರು ಬಾಟಲಿ ಟೊಮೆಟೊ ಸಾಸ್ ತಂದೆ, ಮತ್ತು ತಂದ ತಪ್ಪಿಗೆ ಹದಿನೈದು ದಿನ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಯ ಬದಲು ಅದನ್ನೇ ಹಚ್ಚಿಕೊಂಡು ತಿಂದೆ.

ಆದರೆ ನನ್ನ ವಿದ್ಯೆಯ ಬುಡ ಅಲುಗಿಸಿದ್ದು ಎಣ್ಣೆಯ ಕೂಪನ್. ಐದು ಲೀಟರಿನ ಡಬ್ಬಿಗೆ ಭರ್ಜರಿ ಸೋಡಿ, ಶನಿವಾರ ಮಾತ್ರ! ಶನಿವಾರ ಎಣ್ಣೆ ತಂದರೆ ಜೊತೆಗೆ ಶನಿಯೂ ಹೊಸ್ತಿಲು ದಾಟುತ್ತಾನೆಂಬ ನಮ್ಮ ಮನೆಯ ನಂಬಿಕೆ ಆ ಪುಸ್ತಿಕೆ ಅಚ್ಚುಹಾಕಿದವರಿಗೆ ಹೇಗೆ ಗೊತ್ತಿರಬೇಕು? ಕೂಪನ್ ಬಿಡಲು ಮನಸ್ಸಿಲ್ಲ, ಶಾಂತಾಳ ಮಾತು ಮೀರಲು ಎದೆಯಿಲ್ಲ. ಡಬ್ಬಿ ಕೊಂಡೇಬಿಟ್ಟೆ; ಒಂದು ರಾತ್ರಿಯ ಮಟ್ಟಿಗೆ ಇಟ್ಟುಕೊಳ್ಳಿರೆಂದು ಪಕ್ಕದ ಮನೆಯವರನ್ನು ಕೇಳಿದರೆ, "ನಿಮ್ಮ ಶನಿ ನಮ್ಮನಿಗ್ಯಾಕ್ರಿ ಮಾಸ್ತರ?" ಎಂದು ನಗುತ್ತಲೇ ಬಾಗಿಲು ಮುಂದೆ ಮಾಡಿದರು. ವಾರದ ಏಳೂ ದಿನ ಎಣ್ಣೆ ಇಳಿಯುವ ಜಾಗವೆಂದರೆ ನಮ್ಮ ಓಣಿಯಲ್ಲಿ ಒಂದೇ, ನೀಲವ್ವನ ಅಂಗಡಿ. ಮೂರು ತಿಂಗಳಿಂದ ಚಿಟಿಕೆ ಅರಿಷಿಣವನ್ನೂ ಕೊಳ್ಳದ ಕಡೆಗೆ ಹೋಗಿ, ಬೇರೆಯವರಲ್ಲಿ ಕೊಂಡ ಎಣ್ಣೆಯನ್ನು ಕಾಯಿರೆಂದು ಕೇಳಲು ಎಷ್ಟು ಭಂಡತನ ಬೇಕೋ ಅಷ್ಟನ್ನೂ ಕೂಡಿಸಿಕೊಂಡು ಹೋದೆ.

"ಇಡ್ರಿ ಮಾಸ್ತರ, ಎಣ್ಣಿ ಡಬ್ಬಿ ಏನ್ ಊಟ ಕೇಳತೈತೇನು?" ಎಂದು ನೀಲವ್ವ ಅದನ್ನು ಮೂಲೆಗೆ ಸರಿಸಿದಳು. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಿದ್ದ ನನ್ನನ್ನು ಆಕೆ ಕೇಳಿದ್ದೇ ಬೇರೆ. "ಶಾಂತಕ್ಕಗ ಆರಾಮ ಇಲ್ಲೇನ್ರಿ? ಮೂರು ತಿಂಗಳಾತು, ಈ ಕಡೆ ಬಂದೇ ಇಲ್ಲ."

"ಆರಾಮ ಅದಾಳ. ಈಗ ಚೀಟ್ಯಾಗ ಏನೂ ಬಿಡೂದಿಲ್ಲ, ನಾನ ತಿದ್ದತೇನಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ನೀಲವ್ವ ತಕ್ಕಡಿ ಕೆಳಗಿಟ್ಟಳು. "ಮಾಸ್ತರ, ಆಕಿ ಮರೀತಿದ್ದಿಲ್ರಿ. ಒಂದು ಸಾಮಾನು ಬೇಕಂತ ಬಿಡತಿದ್ಲು. ಹೊರಗ ಬೀಳಾಕ ಹೆಣ್ಣಮಕ್ಕಳಿಗೆ ಒಂದು ನೆವ ಬ್ಯಾಡೇನ್ರಿ?"

ಇಡೀ ಆಯುಷ್ಯ ಮಕ್ಕಳ ಉತ್ತರಗಳಲ್ಲಿ ತಪ್ಪು ಹುಡುಕಿದವನಿಗೆ, ಸರಿಯಾದ ಉತ್ತರವನ್ನೇ ತಪ್ಪೆಂದು ಹೊಡೆದುಹಾಕಿದೆನೆಂದು ತಿಳಿದರೆ ಹೇಗಾಗಬೇಕು? ನಾಚಿಕೆಯಾಯಿತು. ಸಂಸಾರಕ್ಕಾಗಿ ಉಳಿಸುತ್ತೇನೆಂದು ಹೊರಟು, ಆ ಉಳಿತಾಯವನ್ನೆಲ್ಲ ಅವಳೊಬ್ಬಳಿಂದಲೇ ವಸೂಲು ಮಾಡಿದ್ದೆ. ಆ ಒಂದು ತಾಸಿನಲ್ಲಿ ಆಕೆ ಅಕ್ಕಿಚೀಲಕ್ಕೆ ಒರಗಿ ಕೂತು ಊರಿನ ಸುಖದುಃಖ ಕೇಳುತ್ತಿದ್ದಳು, ತನ್ನದನ್ನೂ ಹೇಳಿಕೊಳ್ಳುತ್ತಿದ್ದಳು.

ಮನೆಗೆ ಬಂದವನೇ ಚೀಲ ಅವಳ ಮುಂದಿಟ್ಟೆ. "ನಂದು ತಪ್ಪಾತು ಶಾಂತಾ. ಸಂತಿ ನೀನ ಮಾಡು. ಈ ಕೂಪನ್ನೆಲ್ಲಾ ಹರದ ಒಗೀತೇನಿ."

"ಹುಚ್ಚರಂಗ ಮಾಡಬ್ಯಾಡ್ರಿ, ಕೊಡ್ರಿ ಇಲ್ಲೆ" ಎಂದು ಲಕೋಟೆ ಕಸಿದುಕೊಂಡಳು. "ನೀಲವ್ವಗ ತೋರಿಸಿ ರೇಟು ಇಳಸತೇನಿ." ಸೆರಗು ಸರಿಪಡಿಸಿಕೊಂಡು ಹೊರಟೇಬಿಟ್ಟಳು.

ತಿರುಗಿ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ತೊಗರಿಬೇಳೆಗೆ ನಾಲ್ಕು ರೂಪಾಯಿ ಇಳಿಸಿದ್ದಳಂತೆ; ಎಣ್ಣೆ ಡಬ್ಬಿ ಮಾತ್ರ ರವಿವಾರದ ದಾರಿ ಕಾಯುತ್ತ ನೀಲವ್ವನ ಮೂಲೆಯಲ್ಲೇ ಇತ್ತು. ಚೀಲವನ್ನು ಕೆಳಗಿಡುವ ಮೊದಲೇ ಶುರು ಮಾಡಿದಳು: ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಈಯಿತು, ಯಾರ ಅತ್ತೆ ಸೊಸೆ ಮಾತು ಬಿಟ್ಟರು. ನಾನು ಟೀವಿ ಆರಿಸಿ ಅವಳೆದುರು ಕೂತೆ. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲವೆಂಬುದು ನನಗೆ ತಿಳಿದದ್ದು ಆಗಲೇ.