ಬಂಡೆಯ ಹಿಂದಿನ ನರಳಿಕೆ

ಮೊದಲು ಕಂಡದ್ದು ರಕ್ತ.

ಸಿರುಗುಪ್ಪದ ಹೊಲದ ಬದು, ಬೆಳಕು ಹರಿಯುವ ಹೊತ್ತು. ತಂಬಿಗೆಯ ನೀರು ಮುಗಿಸಿ ಎದ್ದವನು ಹಿಂತಿರುಗಿ ನೋಡಿದೆ. ಕರಿಮಣ್ಣಿನ ಮೇಲೆ ನಾಲ್ಕೈದು ಹನಿ. ಯಾವುದೋ ಹಕ್ಕಿಯದಿರಬೇಕು ಎಂದುಕೊಂಡೆ. ತನ್ನ ಮೈಯ ವಿಷಯ ಬಂದಾಗ ಮನುಷ್ಯ ಎಂಥ ಸುಳ್ಳನ್ನಾದರೂ ನಂಬುತ್ತಾನೆ. ಮೂರನೆಯ ದಿನ ಹಕ್ಕಿಯ ಮಾತು ಸಾಗಲಿಲ್ಲ. ಗಾಜಿನ ಚೂರಿನ ಮೇಲೆ ಕೂತಂಥ ನೋವು. ಎದ್ದ ಮೇಲೂ ಎರಡು ಮೂರು ತಾಸು ಉರಿ.

ನಾನು ಬಾಂಡ್ ರೈಟರ್. ರಿಜಿಸ್ಟರ್ ಆಫೀಸಿನ ಜಗುಲಿಯ ಮೇಲೆ ಚಾಪೆ ಹಾಸಿ, ಮುಂದೆ ಗಿಡ್ಡ ಡೆಸ್ಕು ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಚಕ್ಕಳಮಕ್ಕಳ ಹಾಕಿ ಕೂತು ಕ್ರಯಪತ್ರ, ಪಾಲುಪತ್ರ ಬರೆಯುವವನು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಅಣ್ಣತಮ್ಮಂದಿರ ಗುಟ್ಟುಗಳೆಲ್ಲ ನನ್ನ ಲೇಖನಿಯಡಿ ಹಾದುಹೋಗಿವೆ. ಆದರೆ ನನ್ನ ಈ ಒಂದು ಗುಟ್ಟನ್ನು ಯಾರಿಗೂ ಹೇಳಲಾಗಲಿಲ್ಲ. ಎಲ್ಲಿ ನೋವು ಎಂದು ಕೇಳಿದರೆ ಏನನ್ನಲಿ? ಹೆಂಡತಿ ಇದ್ದಿದ್ದರೆ ಮುಖ ನೋಡಿಯೇ ಹಿಡಿಯುತ್ತಿದ್ದಳೇನೋ. ಅವಳು ಐದನೆಯ ತಿಂಗಳಿಗೇ ಚೊಚ್ಚಲ ಹೆರಿಗೆಗೆಂದು ಆದವಾನಿಯ ತವರಿಗೆ ಹೋಗಿದ್ದಳು.

ಮೂರು ತಿಂಗಳು ಹರಳೆಣ್ಣೆ, ಅಳಲೆಕಾಯಿ ಪುಡಿ ಎಂದು ಕಳೆದೆ. ಕೊನೆಗೆ ನಿಂತುಕೊಂಡು ಬರೆಯತೊಡಗಿದೆ. ಒಂದು ದಿನ ಪಾಲುಪತ್ರದ ನಡುವೆ ಕಣ್ಣು ಕತ್ತಲಾಗಿ, ದೌತಿ ಉರುಳಿ, ಯಾರದೋ ಹೊಲದ ಚಕ್ಕುಬಂದಿ, ನಾಲ್ಕು ದಿಕ್ಕಿನ ಎಲ್ಲೆಯೆಲ್ಲ ಮಸಿಯಾಯಿತು. ಮರುದಿನ ಬಳ್ಳಾರಿಗೆ ಹೋದೆ.

ಆಸ್ಪತ್ರೆಯ ಡಾಕ್ಟರು ಮದ್ರಾಸಿನ ಕಡೆಯ ತೆಲುಗರು. ನೋಡಿದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

"ಫಿಶರ್. ಚಳಿಗಾಲದಾಗ ತುಟಿ ಸೀಳುತ್ತಲ್ಲ, ಹಾಗೆ. ಜಾಗ ಬೇರೆ ಅಷ್ಟೇ. ಹಳೆಯದಾಗಿದೆ, ಆಪರೇಷನ್ ಮಾಡಬೇಕು. ಏಮೀ ಕಾದು," ಎಂದರು. ಏನೂ ಆಗುವುದಿಲ್ಲವಂತೆ.

ಮುಖದ ಮೇಲೆ ತಂತಿಯ ಜಾಳಿಗೆ ಇಟ್ಟು, ಅದರ ಮೇಲೆ ಬಟ್ಟೆ ಹಾಕಿ ಕ್ಲೋರೋಫಾರಂ ಹನಿಸಿದರು. ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಎಣಿಸು ಎಂದರು. ತೆಲುಗಿನಲ್ಲೇ ಎಣಿಸಿದೆ, ಒಕಟಿ, ರೆಂಡು, ಮೂಡು. ಏಳರವರೆಗೆ ನೆನಪಿದೆ. ಎಂಟನ್ನು ನಾನು ಹೇಳಿದೆನೋ, ಬೇರೆ ಯಾರಾದರೂ ಹೇಳಿದರೋ ತಿಳಿಯದು. ದನಿ ನನ್ನದೇ, ಆದರೆ ಕೋಣೆಯ ಆ ಮೂಲೆಯಿಂದ ಬಂತು.

ಎಚ್ಚರವಾದಾಗ ವಾರ್ಡಿನಲ್ಲಿ ಯಾರೋ ಕೂಗುತ್ತಿದ್ದರು. ಕಾಲು ಮುರಿದ ಎತ್ತಿನ ಕೂಗು. ಪಾಪ ಎನಿಸಿತು. ಪಕ್ಕದಲ್ಲಿದ್ದ ನರ್ಸನ್ನು ಕೇಳಿದೆ, "ಯಾರು ಸಿಸ್ಟರ್ ಅದು?"

"ನೀವೇರಿ. ಈಗ ನನ್ನ ಮಾತಾಡಿಸಿದ್ರಲ್ಲ, ನಿಂತಿತು."

ಅಂದಿನಿಂದ ನನ್ನ ದನಿಯ ಮೇಲಿನ ನಂಬಿಕೆ ಹೋಯಿತು.

ಎಂಟನೆಯ ದಿನ ಕಳಿಸಿಕೊಡುವಾಗ ಡಾಕ್ಟರು ಬೆರಳು ಮಡಚಿ ಹೇಳಿದರು. ಹೊಟ್ಟೆ ಸಡಿಲಾಗಲು ಲಿಕ್ವಿಡ್ ಪ್ಯಾರಾಫಿನ್ ಕುಡಿ. ಹಾಲು, ಸೊಪ್ಪು ತಿನ್ನು. ನೀರು ಬಹಳ ಕುಡಿ. ದಿನಕ್ಕೆರಡು ಸಲ ಬೆಚ್ಚಗಿನ ನೀರಿನಲ್ಲಿ ಕೂಡು. "ಮುಖ್ಯ ಮಾತು, ತಡೆಯಬೇಡ. ತಡೆದರೆ ಗಟ್ಟಿಯಾಗುತ್ತೆ, ಗಟ್ಟಿಯಾದರೆ ಗಾಯ ಹರಿಯುತ್ತೆ. ಎರಡನೇ ಸಲ ಕೊಯ್ದರೆ ಮಲದ ಮೇಲೆ ಹಿಡಿತ ಉಳಿಯುತ್ತೆ ಅಂತ ನಾನು ಹೇಳಲಾರೆ."

ಹಿಡಿತ ಉಳಿಯದ ಬಾಂಡ್ ರೈಟರ್ ಪಕ್ಕದಲ್ಲಿ ಯಾರು ಬಂದು ಕೂರುತ್ತಾರೆ? ಹುಟ್ಟುವ ಕೂಸನ್ನು ಯಾವ ತೊಡೆಯ ಮೇಲೆ ಕೂಡಿಸಿಕೊಳ್ಳಲಿ? ಆ ಭಯ ಹೊತ್ತು ಹೊರಟೆ.

ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಸಿರುಗುಪ್ಪದವರೆಗೆ ಹೋಗುವ ತ್ರಾಣ ಇರಲಿಲ್ಲ. ಕುರುಗೋಡು ಹತ್ತಿರ. ಅಲ್ಲಿ ನನ್ನ ಅಕ್ಕ ಈರಮ್ಮ ಇದ್ದಾಳೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಬದುಕುತ್ತಾಳೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತೇ ಹೋದೆ. ಆಪರೇಷನ್ ಮಾಡಿಸಿಕೊಂಡು ಬಂದೆ ಎಂದಷ್ಟೇ ಅಕ್ಕನಿಗೆ ಹೇಳಿದೆ.

"ಏನಾಗಿತ್ತಲೇ ತಮ್ಮಾ? ಎಲ್ಲಿ ಕೊಯ್ದಾರ?"

ಬಾಯಿಗೆ ಬಂದದ್ದು ಸುಳ್ಳು. "ಸೊಂಟದಾಗ ಕುರು ಆಗಿತ್ತಕ್ಕಾ."

ಆ ಒಂದು ಮಾತು ನನ್ನನ್ನು ಹೇಗೆ ಸುತ್ತಿಕೊಂಡಿತು ನೋಡಿ. ಕೊಯ್ದ ಗಾಯಕ್ಕೆ ನಮ್ಮ ಕಡೆ ಪಥ್ಯ ಎಂದರೆ ಒಣ ರೊಟ್ಟಿ, ಬೆಳ್ಳುಳ್ಳಿ ಖಾರ. ಹಾಲು ಕುಡಿದರೆ ಕೀವು, ಸೊಪ್ಪು ತಿಂದರೆ ನಂಜು, ನೀರು ಹೆಚ್ಚಾದರೆ ಗಾಯ ಒಣಗುವುದಿಲ್ಲ. ಅಕ್ಕ ಈ ಪಥ್ಯವನ್ನು ವ್ರತದಂತೆ ಹಿಡಿದಳು. ತನ್ನ ಮನೆಯ ಎಮ್ಮೆಯ ಹಾಲನ್ನೆಲ್ಲ ನೆರೆಯವರಿಗೆ ಹಾಕಿ ನನಗೆ ಖಡಕ್ ರೊಟ್ಟಿ ಮುರಿದು ಕೊಟ್ಟಳು. ಬೇಡ ಎನ್ನಬೇಕಾದರೆ ನಿಜ ಹೇಳಬೇಕು. ಬೆಚ್ಚಗಿನ ನೀರಿನಲ್ಲಿ ಕೂರಬೇಕಾದರೂ ನಿಜ ಹೇಳಬೇಕು. ಪ್ಯಾರಾಫಿನ್ ಬಾಟಲಿ ವಾರಕ್ಕೆ ಮುಗಿಯಿತು. ನಾನು ರೊಟ್ಟಿ ಅಗಿದೆ.

ಆಮೇಲೆ ಬಯಲಿಗೆ ಹೋಗುವುದೆಂದರೆ ಜೀವ ಹೋಗಿ ಬಂದಂತೆ. ಕೊಯ್ದ ಜಾಗವನ್ನು ದಿನವೂ ಹೊಸದಾಗಿ ಕೊಯ್ದ ಹಾಗೆ. ಬೆಳಗಿನ ಜಾವ ಊರ ಗಂಡಸರೆಲ್ಲ ಗುಡ್ಡದ ಕಡೆ ಹೋಗಿ ಆಚೀಚೆ ಕೂತು ಜೋಳದ ಧಾರಣೆ ಮಾತಾಡುತ್ತಾರೆ. ಅವರ ನಡುವೆ ಹಲ್ಲು ಕಚ್ಚಿ ಅಳುವುದು ಹೇಗೆ? ಹೊತ್ತು ಬದಲಿಸಿದೆ. ಮಟಮಟ ಮಧ್ಯಾಹ್ನ. ಆಗ ಅಲ್ಲಿ ಯಾರೂ ಇರುವುದಿಲ್ಲ. ನಮ್ಮ ಕಡೆ ಆ ಹೊತ್ತಿನಲ್ಲಿ ಬಯಲಿಗೆ ಹೋಗಲು ಎಲ್ಲರೂ ಅಂಜುತ್ತಾರೆ, ಗಾಳಿ-ದೆವ್ವ ತಿರುಗಾಡುವ ಹೊತ್ತು ಎಂದು.

ಊರಾಚೆ ಜಾಲಿಗಿಡಗಳ ನಡುವೆ ಆನೆಯೆತ್ತರದ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ಅವುಗಳ ಹಿಂದೆ ನನ್ನ ಜಾಗ. ನೆತ್ತಿಯ ಮೇಲೆ ಸೂರ್ಯ, ನೆರಳು ಕಾಲ ಕೆಳಗೇ ಅಡಗಿರುತ್ತದೆ. ಎಲೆ ಅಲುಗುವುದಿಲ್ಲ. ಬಂಡೆ ಬಿಸಿಗೆ ಒಳಗೊಳಗೇ ಚಟ್ ಎನ್ನುತ್ತದೆ. ಅಲ್ಲಿ ಬಾಯಿ ಬಿಟ್ಟು ನರಳಿದೆ. ನರಳಿ ಸುಮ್ಮನಾದೆ.

ನಾನು ಸುಮ್ಮನಾದ ಮೇಲೂ ನರಳಿಕೆ ನಿಲ್ಲಲಿಲ್ಲ.

ಬಂಡೆಗಳ ಒಳಗಿನಿಂದ ಬಂತು. ನನಗಿಂತ ದಪ್ಪ ದನಿ, ನಿಧಾನ. ಉಸಿರು ಬಿಗಿಹಿಡಿದೆ. ಅದೂ ನಿಂತಿತು. ಪ್ರತಿಧ್ವನಿ ಎಂದು ಈಗ ಜಾಣನಂತೆ ಹೇಳಬಲ್ಲೆ. ಆಗ ಪಂಚೆ ಬಿಗಿದುಕೊಂಡು, ಓಡಲೂ ಆಗದೆ, ಕಾಲು ಅಗಲಿಸಿ ಕುಂಟುತ್ತ ಮನೆ ಸೇರಿದೆ. ಆದರೂ ಮರುದಿನ ಹೋದೆ. ತಡೆಯಬೇಡ ಎಂದಿದ್ದರಲ್ಲ. ಮರುದಿನವೂ ಅದು ಉತ್ತರ ಕೊಟ್ಟಿತು.

ನಾಲ್ಕಾರು ದಿನಕ್ಕೆ ನೆರೆಮನೆಯ ಹನುಮಕ್ಕ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳುವುದು ಒಳಗೆ ಮಲಗಿದ್ದ ನನಗೆ ಕೇಳಿತು.

"ಈರಕ್ಕಾ, ಬಂಡೆಗುಂಡಿನ ಹಿಂದ ಗಾಳಿ ಸೇರ್ಕೊಂಡೈತಂತ. ಮಟಮಟ ಮಧ್ಯಾಹ್ನ ನರಳತೈತಿ. ದನ ಕಾಯೋರು ಆ ಕಡಿಗೆ ಹೋಗವಲ್ರು. ನಿನ್ನ ತಮ್ಮ ಹೊತ್ತಲ್ಲದ ಹೊತ್ತಿನ್ಯಾಗ ತಂಬಿಗಿ ಹಿಡ್ಕೊಂಡು ಆ ಕಡಿನ ಹೋಗ್ತಾನ. ಅವನ ಮುಖ ನೋಡಿಯೇನು? ರಕ್ತನ ಇಲ್ಲ. ಅದಕ್ಕ ಸಿಕ್ಕಾನ ಅವ."

ಅದು ನಾನೇ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎರಡನೆಯ ದನಿಯನ್ನು ನಾನೇ ಕಿವಿಯಾರೆ ಕೇಳಿದ್ದೆನಲ್ಲ. ಊರವರೂ ಕೇಳಿದ್ದಾರೆ ಎಂದ ಮೇಲೆ ಇನ್ನೇನು?

ಮರುದಿನ ಬಂಡೆಯ ಬುಡದಲ್ಲಿ ಮುತ್ತುಗದ ಎಲೆ. ಅದರ ಮೇಲೆ ಕುಂಕುಮ ಕಲಸಿದ ಅನ್ನ, ಬೇವಿನ ಸೊಪ್ಪು, ಒಂದು ನಿಂಬೆಹಣ್ಣು. ಅನ್ನ ಇನ್ನೂ ಬೆಚ್ಚಗಿತ್ತು. ನಿಂಬೆಹಣ್ಣಿಗೆ ಒಂದು ಚಿಂದಿ ಸುತ್ತಿತ್ತು. ಬಿಳಿ ಬಟ್ಟೆ, ಹಸಿರು ಅಂಚು.

ಅದು ನನ್ನ ಪಂಚೆಯ ಅಂಚು.

ಯಾರೋ ನನ್ನ ಹೆಸರು ಹೇಳಿ ನನ್ನನ್ನು ಅದಕ್ಕೆ ಒಪ್ಪಿಸಿದ್ದಾರೆ ಎಂದುಕೊಂಡೆ. ಪಾಲುಪತ್ರದಲ್ಲಿ ಮೋಸವಾಯಿತೆಂದು ಶಾಪ ಹಾಕಿದವರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಂದಿನಿಂದ ಬಯಲಿಗೆ ಹೋಗಲಿಲ್ಲ. ಹೋಗಬಾರದೆಂದರೆ ತಿನ್ನಬಾರದು. ತಿನ್ನುವುದನ್ನೂ ಬಿಟ್ಟೆ. ಐದು ದಿನ. ಹೊಟ್ಟೆ ಕಲ್ಲಾಯಿತು, ಜ್ವರ ಬಂತು. ಅಕ್ಕ ತಟ್ಟೆ ಹಿಡಿದು ಕೂತು, "ಒಂದು ತುತ್ತು ತಿನ್ನಲೇ," ಎನ್ನುವಳು. ಗೋಡೆಯ ಕಡೆ ತಿರುಗುವೆ. ಅವಳು ನನ್ನ ಬೆನ್ನನ್ನೇ ನೋಡುತ್ತ ಏನನ್ನೋ ನಿಶ್ಚಯಿಸುತ್ತಿದ್ದಾಳೆ ಎಂದು ನನಗೇನು ಗೊತ್ತು?

ಆರನೆಯ ದಿನ ಮೈ ನನ್ನ ಮಾತು ಕೇಳಲಿಲ್ಲ. ಮಧ್ಯಾಹ್ನ ಅಕ್ಕ ಮನೆಯಲ್ಲಿರಲಿಲ್ಲ. ಗೋಡೆ ಹಿಡಿದು, ಬೇಲಿ ಹಿಡಿದು ಬಂಡೆಯವರೆಗೆ ಹೋದೆ. ಆದದ್ದಾಗಲಿ, ದೆವ್ವ ತಿಂದರೂ ತಿನ್ನಲಿ ಎಂದು ಕೂತೆ. ಗಾಯ ಹರಿಯಿತು. ಬಿಸಿ ರಕ್ತ ಇಳಿಯುವುದು ತಿಳಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ನರಳಿಕೆಯಲ್ಲ, ವಾರ್ಡಿನಲ್ಲಿ ಕೇಳಿದ ಆ ಎತ್ತಿನ ಕೂಗು.

ಈ ಸಲ ಬಂಡೆಯ ಆಚೆಯಿಂದ ಮಾತು ಬಂತು.

"ಯಾರವ್ವಾ ನೀನು? ಯಾರಪ್ಪಾ? ಅನ್ನ ಇಟ್ಟೆ, ಅವನ ಬಟ್ಟಿ ಕಟ್ಟಿ ನಿಂಬಿಹಣ್ಣು ಇಟ್ಟೆ, ಇನ್ನಾ ಬಿಡವಲ್ಲಿ."

ಅಕ್ಕನ ದನಿ. ಬಂಡೆಯ ಸಂದಿಯಿಂದ ನೋಡಿದೆ. ಆ ಉರಿಬಿಸಿಲಲ್ಲಿ ಒಬ್ಬಳೇ ನಿಂತಿದ್ದಳು. ತಲೆಯ ಮೇಲಿನ ಸೆರಗು ತೆಗೆದು, ಕೂದಲು ಬಿಚ್ಚಿ ಹರಡಿಕೊಂಡಿದ್ದಳು. ಕೂದಲು ಬಿಚ್ಚಿದ ಹೆಂಗಸಿನ ಮೈಮೇಲೆ ಗಾಳಿ ಬೇಗ ಬರುತ್ತದೆ ಎನ್ನುತ್ತಾರೆ. ಅದಕ್ಕೆಂದೇ ಬಿಚ್ಚಿದ್ದಳು.

"ಅವನ ಹೇಂತಿ ಬಸರಿ ಅದಾಳ. ಅವನ್ನ ಬಿಡು. ನನಗ ಹಿಂದಿಲ್ಲ, ಮುಂದಿಲ್ಲ. ನನ್ನ ಹಿಡಿ. ಬಾ, ಬಂದ್ ಸೇರ್ಕೋ."

ದೆವ್ವದ ಅಂಜಿಕೆ ಮರೆತೇಹೋಯಿತು. ಹುಟ್ಟಿದಂದಿನಿಂದ ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಒಂದು ಮಾತು ಹೇಳಲಾರದೆ ನನ್ನ ಅಕ್ಕನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದೆ.

"ಅಕ್ಕಾ, ನಾನು."

"ನನ್ನ ತಮ್ಮನ ದನಿ ತಗದು ಮಾತಾಡಬ್ಯಾಡ!" ಎಂದು ಚೀರಿದಳು. ಆದರೆ ಕದಲಲಿಲ್ಲ.

"ನಾನ ಅಕ್ಕಾ, ನಾಗಪ್ಪ. ನರಳೋದು ನಾನ. ನನಗ ಕೊಯ್ದಿದ್ದು ಸೊಂಟದಾಗಲ್ಲ..." ಎಂದು ಶುರು ಮಾಡಿದೆ. ಪಂಚೆ ಕೈಯಲ್ಲಿ ಹಿಡಿದು, ಬಂಡೆಗೆ ಹಣೆ ಒತ್ತಿ, ಎಲ್ಲಿ ಸೀಳಿತ್ತು, ಎಲ್ಲಿ ಕೊಯ್ದರು, ಡಾಕ್ಟರು ಏನು ತಿನ್ನು ಎಂದಿದ್ದರು, ಎಲ್ಲ ಹೇಳಿದೆ. ನಡುನಡುವೆ ಮಾತು ಸಿಗದೆ ನಿಲ್ಲುತ್ತಿದ್ದೆ. ಆಸ್ತಿಪತ್ರದ ಭಾಷೆಯಲ್ಲಿ ಆ ಜಾಗಕ್ಕೆ ಹೆಸರಿಲ್ಲ.

ಅವಳು ಬಂಡೆಯ ಹತ್ತಿರ ಬಂದು ಸಂದಿಗೆ ಕಿವಿಗೊಟ್ಟಳು.

"ದೆವ್ವ ಆಗಿದ್ರ ಇಷ್ಟು ನಾಚಿಗೊಂತಿರಲಿಲ್ಲ," ಎಂದಳು ಕೊನೆಗೆ. "ನೀನ ಅದಿ."

ಆಮೇಲೆ ನೆಲಕ್ಕೆ ಕೂತು ಅತ್ತಳು. ಅಳುತ್ತಲೇ ಬೈದಳು. "ಒಣ ರೊಟ್ಟಿ ತಿನಿಸಿ ತಿನಿಸಿ ನಾನ ನಿನ್ನ ಕೊಂದೆನಲ್ಲೋ ಮೂಳಾ! ಸತ್ತ ಕೂಸು ಹಡದಾಗ ನನಗೂ ಇದ ಆಗಿತ್ತು. ಒಂದು ವರ್ಷ ಯಾರ ಮುಂದೂ ಬಾಯಿ ಬಿಡಲಿಲ್ಲ ನಾನು." ಇಪ್ಪತ್ತು ವರ್ಷದ ಹಿಂದಿನ ಮಾತು. ಒಂದೇ ಮನೆಯಲ್ಲಿ ಬೆಳೆದವರು ಒಬ್ಬರನ್ನೊಬ್ಬರು ಎಷ್ಟು ಕಡಿಮೆ ಬಲ್ಲೆವು!

ಮರುದಿನ ಗಾಡಿಯಲ್ಲಿ ಹುಲ್ಲು ಹಾಸಿ ಅಕ್ಕನೇ ಬಳ್ಳಾರಿಗೆ ಕರೆದೊಯ್ದಳು. ಡಾಕ್ಟರ ಮುಂದೆ ನನಗಿಂತ ಮೊದಲು ಅವಳೇ ಎಲ್ಲ ಒದರಿದಳು. ನೋಡಿ ಅವರು, ಅಂಚು ಹರಿದಿದೆ, ಆಳಕ್ಕೆ ಹೋಗಿಲ್ಲ, ಈಗಲೇ ಕೊಯ್ಯುವುದು ಬೇಡ, ಕಾದು ನೋಡೋಣ ಎಂದರು. ಪೆನಿಸಿಲಿನ್ ಚುಚ್ಚಿದರು. ಅಕ್ಕ ನೆರೆಯವರಿಗೆ ಹಾಲು ಹಾಕುವುದನ್ನು ನಿಲ್ಲಿಸಿದಳು. ರಾಜಗಿರಿ ಸೊಪ್ಪು, ತುಪ್ಪದ ಅನ್ನ, ಚರಿಗೆಗಟ್ಟಲೆ ನೀರು. ಎಮ್ಮೆಯ ಬಾನಿಯನ್ನು ತಿಕ್ಕಿ ತೊಳೆದು, ಬಿಸಿನೀರು ತೋಡಿ, "ಇದರಾಗ ಕುಂದ್ರಲೇ," ಎಂದು ಬಾಗಿಲು ಎಳೆದುಕೊಂಡು ಹೋಗುವಳು.

ಎರಡು ತಿಂಗಳಾಯಿತು. ಪೂರಾ ವಾಸಿಯಾಯಿತು ಎನ್ನಲಾರೆ. ಇನ್ನೂ ಒಮ್ಮೊಮ್ಮೆ ಕೆಂಪು ಕಾಣುತ್ತದೆ, ಕಂಡ ದಿನ ಇನ್ನೊಂದು ಚರಿಗೆ ನೀರು ಕುಡಿಯುತ್ತೇನೆ. ಆದರೆ ಹಿಡಿತ ಉಳಿದಿದೆ. ಆದವಾನಿಯಿಂದ ಗಂಡುಮಗುವಿನ ಸುದ್ದಿ ಬಂದಿದೆ. ಇದನ್ನು ಮೆತ್ತನೆಯ ದಿಂಬಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಊರವರಿಗೆ ನಾವು ಏನೂ ಹೇಳಲಿಲ್ಲ. ಮಧ್ಯಾಹ್ನ ಅಕ್ಕ ನನ್ನ ಜೊತೆ ಬಂಡೆಯವರೆಗೆ ಬರುವಳು. ಆಚೆ ಮಗ್ಗುಲಲ್ಲಿ ಊರಿನ ಕಡೆ ಮುಖ ಮಾಡಿ ಕೂತು, ನನ್ನ ಗಮನ ಬೇರೆ ಕಡೆ ಹೋಗಲೆಂದು ಅವರಿವರ ಸುದ್ದಿ ಹೇಳುವಳು. ಈರಮ್ಮ ಗಾಳಿಯ ಜೊತೆ ಮಾತಾಡುತ್ತಾಳೆ ಎಂದು ಸುದ್ದಿಯಾಯಿತು. ಯಾರೂ ಹತ್ತಿರ ಬರಲಿಲ್ಲ. ನಮಗೂ ಅದೇ ಬೇಕಿತ್ತು.

ಕಳೆದ ವಾರ ಒಂದು ದಿನ, ಮೊದಲ ಬಾರಿಗೆ, ನೋವಿಲ್ಲದೆ ಆಯಿತು. ನಾನು ನರಳಲಿಲ್ಲ. ಬಂಡೆಯೂ ಸುಮ್ಮನಿತ್ತು. ನಂಬಿಕೆ ಬಾರದೆ ಹಾಗೇ ಕೂತಿದ್ದೆ. ಆಚೆ ಅಕ್ಕನ ಮಾತು ನಡುವೆಯೇ ನಿಂತಿತು. ಸದ್ದೇ ಇಲ್ಲದ್ದಕ್ಕೆ ಅವಳಿಗೆ ಹೆದರಿಕೆಯಾಗಿತ್ತು.

"ಲೇ ತಮ್ಮಾ," ಎಂದು ಕೂಗಿದಳು. "ಅದೀಯಿಲ್ಲೋ?"

"ಅದೀನಕ್ಕಾ," ಎಂದೆ.