ಕಣ್ಣು ತೆರೆದು ಮಾಡುವ ಪ್ರಾರ್ಥನೆ

ಬೆಟಗೇರಿಯ ಬಂಧುಗಳೇ,

ಸುವಾರ್ತೆ ಬೋಧಿಸಲು ಇಲ್ಲಿಗೆ ಬಂದ ಮೊದಲ ರವಿವಾರ ಪ್ರಾರ್ಥನೆಯ ನಡುವೆ ಒಮ್ಮೆ ಕಣ್ಣು ತೆರೆದೆ. ಎದುರಿಗಿದ್ದ ಮೂವತ್ತು ಜನರೂ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ಕೈ ಜೋಡಿಸಿದ್ದರು, ತುಟಿಗಳು ಅಲುಗುತ್ತಿದ್ದವು, ನೋಟ ಮಾತ್ರ ಬಾಗಿಲಿನ ಕಡೆ. ಹೊಸ್ತಿಲಾಚೆ ಸಾರಮ್ಮ ಎಂಬ ಮುದುಕಿ ನಮಗೆ ಬೆನ್ನು ತಿರುಗಿಸಿ, ಎಲೆಯಡಿಕೆ ಜಗಿಯುತ್ತ ಓಣಿ ನೋಡುತ್ತಿದ್ದಳು. ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟ ಮಕ್ಕಳ ತಲೆಗೆ ನಾವು ಮೊಟಕುತ್ತೇವಲ್ಲ, ನನಗೆ ಆ ಮೂವತ್ತು ತಲೆಗಳನ್ನೂ ಮೊಟಕಬೇಕೆನಿಸಿತು.

ನಾವು ಅಲ್ಲಿ ಕುಳಿತು 'ಮೊಗಲಾಯಿ' ಎಂದು ಮೂಗು ಮುರಿಯುವ ನಿಜಾಮರ ಸೀಮೆ ಇದು. ಮಸ್ಕಿಯಿಂದ ಎರಡು ಹರದಾರಿ ದೂರದ ಹಳ್ಳಿ. ಹೆಸರು ಬರೆಯುವುದಿಲ್ಲ, ಬರೆದರೆ ಏಟು ತಿನ್ನುವವರು ಇವರೇ. ಸರಹದ್ದಿನ ಕರೋಡಗಿರಿಯಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ನನ್ನ ಟ್ರಂಕು ಬಿಚ್ಚಿ ಸತ್ಯವೇದದ ಪುಟಗಳನ್ನು ಕೂಡ ಜಾಡಿಸಿ ನೋಡಿದರು. ಊರೊಳಗೆ ಯಾರೂ ಮನೆ ಕೊಡಲಿಲ್ಲ. ಕೇರಿಯ ತುದಿಯಲ್ಲಿ ಒಂದು ಮಣ್ಣಿನ ಕೋಣೆ ಸಿಕ್ಕಿತು. ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಮಗ್ಗದ ಸದ್ದು. ಇಲ್ಲಿ ಗಾಳಿ, ಕರಿಮಣ್ಣಿನ ಧೂಳು, ಬಾವಿಯ ಸವಳು ನೀರು. ಮಾತು ನಮ್ಮದೇ ಕನ್ನಡ, ಆದರೆ ಕಚೇರಿಯ ಬಾಗಿಲಲ್ಲಿ ಅದಕ್ಕೆ ಬೆಲೆಯಿಲ್ಲ. ಅರ್ಜಿ ಉರ್ದುವಿನಲ್ಲೇ ಇರಬೇಕು. ಮೊದಲ ತಿಂಗಳು ಮುರಿಯದ ಹಾಗೆ ಸಜ್ಜೆರೊಟ್ಟಿ ತಟ್ಟಲು ಕಲಿತದ್ದೊಂದೇ ನನ್ನ ಗೆಲುವು. ಸಂಜೆಯಾದರೆ ನಿಮ್ಮೆಲ್ಲರ ನೆನಪಾಗಿ ಅಳುತ್ತಿದ್ದೆ.

ಕಣ್ಣು ಮುಚ್ಚದ ವಿಷಯವನ್ನು ಸಾರಮ್ಮನಿಗೇ ಕೇಳಿದೆ.

"ಅಕ್ಕೋರ, ಐತಾರ ನಾವೆಲ್ಲ ಒಂದ ಕಡೆ ಸಿಗ್ತೀವಂತ ಗೌಡ್ರಿಗೆ ಗೊತ್ತೈತ್ರೀ," ಎಂದಳು. "ಬಿಟ್ಟಿ ಕೆಲಸಕ್ಕ ತಳವಾರನ್ನ ಅವತ್ತ ಕಳಸ್ತಾರ. ಗಟ್ಟಿ ಇದ್ದವ್ರು ಹೋಗ್ತೀವಿ, ತಪ್ಪಿದ್ದಲ್ಲ. ಬಸರಿ ಬಾಣಂತ್ಯಾರ್ನ ಹಿಂದ ಸೊಪ್ಪಿ ಬಣವ್ಯಾಗ ಮುಚ್ಚಿಡ್ತೀವಿ. ಅದಕ್ಕ ಒಬ್ರು ಹೊರಗ ಕುಂಡರಬೇಕ್ರೀ."

ತಳವಾರನೂ ಬಡವನೇ. ಓಣಿಯ ತಿರುವಿಗೆ ಬಂದಾಗ ಅವನು ಗಟ್ಟಿಯಾಗಿ ಕೆಮ್ಮುತ್ತಾನೆ, ಕೋಲು ಎಳೆಯುತ್ತ ನಿಧಾನ ಮಾಡುತ್ತಾನೆ. ಅಷ್ಟರಲ್ಲಿ ಸಾರಮ್ಮ ಒಳಗೆ ಸನ್ನೆ ಮಾಡುತ್ತಾಳೆ. ಅವನು ಬರುವಷ್ಟರಲ್ಲಿ ಬಾಣಂತಿಯರು ಬಣವೆ ಸೇರಿರುತ್ತಾರೆ. ಇಷ್ಟೆಲ್ಲ ಕೇಳಿಯೂ ನನಗೆ ಬುದ್ಧಿ ಬರಲಿಲ್ಲ. ದೇವರ ಮನೆಯಲ್ಲಿ ಕಾವಲಿಟ್ಟರೆ ಅದು ಅಪನಂಬಿಕೆ ಎಂದುಕೊಂಡೆ. ಮುಂದಿನ ಮೂರು ರವಿವಾರ ಅದನ್ನೇ ಬೋಧಿಸಿದೆ. ನಂಬಿದವರನ್ನು ದೇವರು ಕಾಯುತ್ತಾನೆ, ನೀವು ಕಾಯುವುದೇಕೆ ಎಂದೆ. ನಮ್ಮೂರಿನ ಸಭೆಯಲ್ಲಿ ಐನೂರು ಜನ ಒಟ್ಟಿಗೆ ಕಣ್ಣು ಮುಚ್ಚುತ್ತಾರೆ ಎಂದು ಜಂಬ ಕೊಚ್ಚಿಕೊಂಡೆ. ಅಲ್ಲಿ ನಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಐದನೆಯ ರವಿವಾರ ಸಾರಮ್ಮನ ಕೈ ಹಿಡಿದು ಒಳಗೆ ತಂದು ಕೂರಿಸಿದೆ. ಮುಂದಿನ ಸಾಲಿನಲ್ಲಿ ರೂತಮ್ಮ ಇದ್ದಳು, ಹೆತ್ತು ಹದಿನೈದು ದಿನದ ಬಾಣಂತಿ. ಚೊಚ್ಚಲು ಗಂಡುಕೂಸನ್ನು ಮಡಿಲಲ್ಲಿಟ್ಟುಕೊಂಡು ಅವಳೂ ಕಣ್ಣು ಮುಚ್ಚಿದಳು. ನಾನು ದನಿಯೆತ್ತಿ, ಉದ್ದವಾಗಿ ಪ್ರಾರ್ಥಿಸಿದೆ. ಎಲ್ಲರೂ ನನ್ನ ಮಾತು ಕೇಳಿದರು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ತಳವಾರ ತಿರುವಿನಲ್ಲಿ ಕೆಮ್ಮಿದನಂತೆ, ಎರಡು ಸಲ ಕೆಮ್ಮಿದನಂತೆ. ನನ್ನ ದನಿಯಲ್ಲಿ ಅದು ಯಾರಿಗೂ ಕೇಳಲಿಲ್ಲ.

ಕಣ್ಣು ತೆರೆದಾಗ ಅವನು ಬಾಗಿಲಲ್ಲಿದ್ದ. ಅವನ ಬೆನ್ನಿಗೆ ಗೌಡರ ಗುಮಾಸ್ತ. ತಾಲೂಕಿನ ಸಾಹೇಬರು ದೌರಾ, ಎಂದರೆ ತಿರುಗಾಟ, ಬಂದಿದ್ದರು. ಬಿಡಾರಕ್ಕೆ ನೀರು ಹೊರಬೇಕಿತ್ತು.

"ಈಕಿನೂ ಏಳಲಿ," ಎಂದ ಗುಮಾಸ್ತ, ರೂತಮ್ಮನನ್ನು ತೋರಿಸಿ.

"ಹಸಿ ಬಾಣಂತಿ ಆಕೆ!" ಎಂದು ಕೂಗಿದೆ.

"ಹಾಡಾಕ ಬರಾಕ ಆಗತೈತಿ, ನೀರ ಹೊರಾಕ ಆಗಂಗಿಲ್ಲೇನು? ಏಳ ಬೇ. ಕೂಸು ಇಲ್ಲೇ ಇರಲಿ."

ತಳವಾರ ನನ್ನ ಮುಖ ನೋಡಲಿಲ್ಲ. ಹೋಗುವಾಗ ಸಾರಮ್ಮನಿಗೆ, "ಯಮ್ಮಾ, ನೀ ಇವತ್ತ ಎಲ್ಲಿದ್ದಿ?" ಎಂದಷ್ಟೇ ಕೇಳಿದ. ಮುದುಕಿ ನನ್ನ ಕಡೆ ಬೆರಳು ಕೂಡ ತೋರಿಸಲಿಲ್ಲ. ತೋರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ರೂತಮ್ಮ ಹೊತ್ತು ಮುಳುಗುವಾಗ ಬಂದಳು. ಸೀರೆ ರಕ್ತವಾಗಿತ್ತು, ಮೈ ಕಾದ ಹಂಚಾಗಿತ್ತು. ಮರುದಿನ ಬಂಡಿ ಕಟ್ಟಿ ಲಿಂಗಸೂಗೂರಿನ ದವಾಖಾನೆಗೆ ಒಯ್ದೆವು. ಅವಳು ಬದುಕಿದಳು, ಹಾಲು ಬತ್ತಿತು. ಆ ಜ್ವರ ಕೂಸಿಗೂ ಹತ್ತಿತ್ತು. ನಾಲ್ಕನೆಯ ದಿನ ಅದು ನನ್ನ ಕೈಯಲ್ಲೇ ತಣ್ಣಗಾಯಿತು. ಅಲ್ಲಿಯೇ ತಹಸೀಲು ಕಚೇರಿಗೆ ಹೋಗಿ, ಒಬ್ಬರಿಂದ ಉರ್ದುವಿನಲ್ಲಿ ಬರೆಸಿ ಗೌಡರ ಮೇಲೆ ಅರ್ಜಿ ಕೊಟ್ಟೆ. ಇವತ್ತಿನವರೆಗೆ ಜವಾಬಿಲ್ಲ.

ಈ ಸುದ್ದಿ ತಿಳಿಸಿದ್ದಕ್ಕೆ ನಿಮ್ಮಿಂದ ಬಂದ ಕಾಗದಗಳಲ್ಲಿ ಒಂದೇ ಮಾತು: ದೇವರ ಚಿತ್ತ. ಓದಿ ನನ್ನ ಮೈ ಉರಿದುಹೋಯಿತು. ಬಂಧುಗಳೇ, ಬಾಣಂತಿಯ ತಲೆಯ ಮೇಲೆ ಕೊಡ ಹೊರಿಸುವುದು ಗೌಡನ ಚಿತ್ತ. ಕಾವಲು ತೆಗೆಸಿದ್ದು ನನ್ನ ಸೊಕ್ಕು. ಎರಡನ್ನೂ ದೇವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಬೇಡಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಮ್ಮ ಭಕ್ತಿ ಆಗಿದೆ. ನಾನು ದೇವರ ಮೇಲೂ ಸಿಟ್ಟಾಗಿದ್ದೇನೆ. ದಿನಾ ಬೆಳಗ್ಗೆ ಅವನೊಡನೆ ಜಗಳವಾಡುತ್ತೇನೆ, ನೀನಾದರೂ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೇನೆ. ಆದರೆ ಅವನು ಸುಮ್ಮನಿರಲಿಲ್ಲವೇನೋ ಎಂಬ ಭಯವೂ ಆಗುತ್ತದೆ. ಸಾರಮ್ಮನ ಕಣ್ಣು ಅವನು ಕೊಟ್ಟದ್ದೇ, ದೀಕ್ಷಾಸ್ನಾನವಿಲ್ಲದ ತಳವಾರನ ಕೆಮ್ಮೂ ಅವನು ಕೊಟ್ಟದ್ದೇ. ಕೃಪೆ ಎಂದರೆ ಏನೆಂದು ನಾನು ವರ್ಷಗಟ್ಟಲೆ ಪಾಠ ಹೇಳಿದವಳು, ಅದು ಎದುರಿಗೆ ಕೂತು ಎಲೆಯಡಿಕೆ ಜಗಿಯುತ್ತಿದ್ದಾಗ ಗುರುತಿಸಲಿಲ್ಲ.

ಕಳೆದ ರವಿವಾರ ರೂತಮ್ಮ ಮತ್ತೆ ಬಂದಳು. ನಾನು ಪುಸ್ತಕ ತೆರೆಯಲಾರದೆ ನಿಂತಿದ್ದೆ. ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಕ್ಕೋರ, ಇವತ್ತ ನಾ ಕಣ್ಣು ಮುಚ್ಚಿ ಬೇಡ್ಕೋಬೇಕಂತ ಬಂದೀನ್ರೀ. ಕೂಸಿನ ಮಾರಿ ಕಾಣತೈತಿ, ಮುಚ್ಚಿದ್ರ. ಸಾರಮ್ಮಗ ವಯಸ್ಸಾಗೇತಿ. ನೀವು ಹೊರಗ ಕುಂಡರ್ರಿ."

"ನನ್ನ ಮೇಲೆ ನಿನಗೆ ಸಿಟ್ಟಿಲ್ಲವಾ, ರೂತಮ್ಮ?"

"ಸಿಟ್ಟೈತ್ರೀ. ಅದಕ್ಕ ಹೇಳಾಕತ್ತೀನಿ, ಹೊರಗ ಕುಂಡರ್ರಿ ಅಂತ. ಈ ಸಲ ಚೆಂದಂಗ ನೋಡ್ರಿ."

ಹೋಗಿ ಹೊಸ್ತಿಲಾಚೆ ಕುಳಿತೆ. ಒಳಗೆ ಅವರೇ ಪ್ರಾರ್ಥಿಸಿದರು. ನಾನು ಬಿಸಿಲಿನಲ್ಲಿ ಕಣ್ಣು ನೋಯುವಷ್ಟು ಹೊತ್ತು ಓಣಿ ನೋಡಿದೆ, ಕೆಮ್ಮು ಕೇಳುತ್ತದೇನೋ ಎಂದು ಕಿವಿ ನೆಟ್ಟೆ.

ಹಿಂದಕ್ಕೆ ಬಾ ಎಂದು ಹಿರಿಯರು ಕರೆದಿದ್ದೀರಿ. ಬರಲು ಆಸೆಯಿಲ್ಲವೆಂದರೆ ಸುಳ್ಳಾದೀತು. ಇಲ್ಲಿಯವರಿಗೆ ನಾನು ಇಂದಿಗೂ 'ಇಂಗ್ರೇಜಿ ಸೀಮಿ ಅಕ್ಕೋರು', ಇಂಗ್ರೇಜರ ಆಳ್ವಿಕೆಯ ಕಡೆಯಿಂದ ಬಂದ ಪರಸ್ಥಳದವಳು. ನಿಮ್ಮ ನಡುವೆ ಕೂತರೂ ಇನ್ನು ಮುಂದೆ ನಾನು ನಿಮ್ಮಂತೆ ಕಣ್ಣು ಮುಚ್ಚಲಾರೆ. ಬೆಟಗೇರಿಯ ಸಭೆಯ ಪಟ್ಟಿಯಿಂದ ನನ್ನ ಹೆಸರು ಹೊಡೆಯಬೇಡಿ, ಅಷ್ಟು ಬೇಡಿಕೊಳ್ಳುತ್ತೇನೆ. ಆದರೆ ಮೂರನೆಯ ಬೆಂಚಿನ ನನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸಿ. ರವಿವಾರ ನನಗೆ ಇಲ್ಲಿ ಓಣಿ ಕಾಯುವ ಕೆಲಸವಿದೆ.