ಗೋಡೆಯ ಮೂರು ಸೊಟ್ಟ ಸಾಲು

ನಾನು ಕಟ್ಟಿದ ಗೋಡೆಗೆ ಯಾರೂ ಓಳಂಬಿ ಹಿಡಿದು ನೋಡಿದವರಿಲ್ಲ. ಓಳಂಬಿ ಅಂದರೆ ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು. ಗೋಡೆ ನೆಟ್ಟಗಿದೆಯೋ ಇಲ್ಲವೋ ಅದು ಹೇಳುತ್ತದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು, ಗಾರೆ ಹಾಕುವ ಕರಣಿ ಹಿಡಿದವ ನಾನು. ನನ್ನ ಕಣ್ಣೇ ನನಗೆ ಓಳಂಬಿ ಅಂತ ಮೆರೆಯುತ್ತಿದ್ದೆ.

ಆ ಶನಿವಾರ ಮಹಾರಾಷ್ಟ್ರದ ಗಡಿಯೊಳಗಿನ ತಿಕೋಂಡಿಯಲ್ಲಿ ಒಂದು ಮನೆಯ ಗೋಡೆ ಏರಿಸುತ್ತಿದ್ದೆ. ಉಸುಕು ಸೋಸಿ, ಗಾರೆ ಕಲಸಿ, ಬುಟ್ಟಿ ಎತ್ತಿ ಕೊಡುವವಳು ನನ್ನ ಹೆಂಡತಿ. ಇಪ್ಪತ್ತು ವರ್ಷದಿಂದ ನಮ್ಮ ಜೋಡಿ ಕೆಲಸ ಹೀಗೇ. ಶನಿವಾರ ಮುಂಜಾನೆ ಸಾಲಿ; ಎಂಟಕ್ಕೆ ಪಕ್ಕದ ಮರಾಠಿ ಸಾಲಿಯಲ್ಲಿ ಪ್ರಾರ್ಥನೆ ನಡೆದಿತ್ತು. ಆಗಲೇ ನನ್ನ ಬಲಗೈ ಬೆರಳು ಮತ್ತೊಬ್ಬರ ಬೆರಳಾದವು. ಕರಣಿ ಕೈಯಲ್ಲಿದೆ, ಹಿಡಿದದ್ದು ತಿಳಿಯುತ್ತಿಲ್ಲ. ಗಾರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬೀಳತೊಡಗಿತು.

"ಯಾಕ್ರಿ, ಇವತ್ತ ಗಾರಿ ಇಷ್ಟ ಸುರೀಲಿಕತ್ತೀರಿ?" ಅಂದಳು.

"ನೀ ಉಸುಕು ಸರಿ ಸೋಸಿಲ್ಲ. ಬರೇ ಕಲ್ಲ ಅದಾವ ಅದರಾಗ," ಅಂತ ಮನೆ ಮಾಲಕನಿಗೆ ಕೇಳುವ ಹಾಗೆ ಗದರಿದೆ. ಅವಳು ಉಸುಕನ್ನು ಮತ್ತೊಮ್ಮೆ ಸೋಸಿದಳು.

ಹಾಗೇ ಇಟ್ಟಂಗಿಯ ಮೂರು ಸಾಲು ಇಟ್ಟೆ. ಅಟ್ಟಣಿಗೆಯಿಂದ ಕೆಳಗಿಳಿದರೆ ಕೈ ಸೋತಿತು ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಎಡಗೈಯಲ್ಲೇ ಹೊತ್ತು ದೂಡಿದೆ. ಹನ್ನೆರಡೂವರೆಗೆ ಊಟಕ್ಕೆ ಇಳಿಯುವಾಗ ಬಲಗಾಲು ನನ್ನ ಜೊತೆ ಬರಲಿಲ್ಲ. ಉಸುಕಿನ ಗುಂಪಿಯ ಮೇಲೆ ಬಿದ್ದೆ. ಬಾಯಿ ಒಂದು ಕಡೆ ಎಳೆದಿತ್ತು.

ಮಾಲಕ ಜೀಪು ತೆಗೆದ. "ಲಕ್ವಾ ಹೊಡದೈತಿ. ಇಲ್ಲೇ ಸನೇದಾಗ ನಾಟಿ ಔಷಧ ಕೊಡಾಂವ ಅದಾನ, ಮೊದಲ ಅಲ್ಲಿ ತೋರಸೋಣ."

"ಅದೇನಿದ್ರೂ ಆಮ್ಯಾಲ. ಬಿಜಾಪುರ ದವಾಖಾನಿಗಿ ಹೊಡೀರಿ, ಲಗೂನ," ಅಂದಳು ಹೆಂಡತಿ.

ದವಾಖಾನೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ಬಂದು ಮೂವರಿಗೂ ಕೇಳುವಂತೆ ಹೇಳಿದರು: "ಮೆದುಳಿನ ನಾಳದಾಗ ರಕ್ತ ಹೆಪ್ಪುಗಟ್ಟೇತಿ. ಕರಗಸೂ ಇಂಜೆಕ್ಷನ್ ಐತಿ, ಕೈ ಉಳಿಯೂ ಆಸೆ ಐತಿ. ಆದ್ರ ಶುರುವಾದ ನಾಲ್ಕೂವರಿ ತಾಸಿನೊಳಗ ಕೊಡಬೇಕು. ತಡ ಆದ ಮ್ಯಾಲ ಕೊಟ್ರ ಮೆದುಳಿನಾಗ ರಕ್ತ ಸೋರಿ ಜೀವಾನ ಹೋಗಬಹುದು. ಎಷ್ಟಕ್ಕ ಶುರುವಾತು?"

"ಹನ್ನೆರಡೂವರಿಗಿ. ನನ್ನ ಕಣ್ಣಮುಂದ ಬಿದ್ದ," ಅಂದ ಮಾಲಕ.

ಗೋಡೆಯ ಗಡಿಯಾರದಲ್ಲಿ ಎರಡೂವರೆ. "ಟೈಮ್ ಐತಿ," ಅಂದರು ಡಾಕ್ಟರು. ನರ್ಸು ಓಡಿದಳು. ಡಾಕ್ಟರು ನನ್ನ ಮೇಲೆ ಬಾಗಿ ಕೇಳಿದರು: "ಅದಕಿಂತ ಮೊದಲ ಕೈಗೆ ಏನರ ಆಗಿತ್ತೇನ್ರಿ?"

ನಾಲಗೆ ದಪ್ಪಾಗಿತ್ತು, ಆದರೆ ತಲೆ ಆಡುತ್ತಿತ್ತು. ಕರಣಿ ಹಿಡಿಯದ ನಾನು ಯಾವ ಲೆಕ್ಕದವನು? ಆ ಸೂಜಿ ಚುಚ್ಚಿದರೆ ಕೈ ಬರುತ್ತದೆ. ಇಲ್ಲ ಅಂತ ತಲೆ ಅಲ್ಲಾಡಿಸಿದೆ.

ಹೆಂಡತಿ ನನ್ನ ಕಾಲದೆಸೆ ನಿಂತಿದ್ದಳು. ಮುಂಗೈ ಮೇಲೆ ಗಾರೆ ಒಣಗಿ ಬಿರಿದಿತ್ತು.

"ಸುಳ್ಳರಿ ಸಾಹೇಬ್ರ," ಅಂದಳು. "ಮುಂಜಾನಿ ಎಂಟಕ್ಕ ಶುರುವಾಗೇತಿ, ಸಾಲಿ ಪ್ರಾರ್ಥನಿ ನಡದಿತ್ತು. ಆವಾಗ ಇಟ್ಟ ಮೂರು ಸಾಲು ಸೊಟ್ಟ ಅದಾವ. ಇಪ್ಪತ್ತ ವರ್ಷದಾಗ ಇವರ ಕೈಯಿಂದ ಒಂದ ಇಟ್ಟಂಗಿ ಸೊಟ್ಟ ಕುಂತದ್ದ ನಾ ಕಂಡಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಉಸುಕು ಚಲೋನ ಇತ್ತು."

ನರ್ಸು ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. "ಖರೇನೇನ್ರಿ?"

ಮಾಲಕನೂ ನನ್ನ ಮುಖ ನೋಡಿದ. ಅವನ ಮುಂದೆ ಅವಳನ್ನು ಗದರಿದ್ದೆ, ಈಗ ಅವನ ಮುಂದೆಯೇ ಒಪ್ಪಬೇಕು. ಇನ್ನೊಮ್ಮೆ ಇಲ್ಲ ಅಂದಿದ್ದರೆ ಏನಾಗುತ್ತಿತ್ತೋ. ಅವಳು ನನ್ನ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಎಡಗೈ ಎತ್ತಿ ಐದು ಬೆರಳು ತೋರಿಸಿದೆ. ಮತ್ತೆ ಮೂರು.

ಟ್ರೇ ಹೊರಗೆ ಹೋಯಿತು. "ಅದರ ಹೊತ್ತು ದಾಟೇತಿ. ಬ್ಯಾರೆ ಔಷಧ ನಡಸೋಣ. ಕೈ ಎಷ್ಟು ಬರತೈತಿ ಈಗ ಹೇಳಾಕ ಆಗೂದಿಲ್ಲ," ಅಂದರು ಡಾಕ್ಟರು. "ಜೀವ ಉಳಿಸಿದ್ರು ನಿಮ್ಮ ಮನಿಯವರು."

ನನಗೆ ಹಾಗೆ ಅನ್ನಿಸಲಿಲ್ಲ. ನನ್ನ ಕೈಯನ್ನು ಇವಳೇ ಕಸಿದಳು ಅನ್ನಿಸಿ ಮೂರು ದಿನ ಅವಳ ಮುಖ ನೋಡಲಿಲ್ಲ. ಅವಳು ನರ್ಸು ಕಲಿಸಿದಂತೆ ಎರಡು ತಾಸಿಗೊಮ್ಮೆ ನನ್ನನ್ನು ಮಗ್ಗಲು ಬದಲಿಸುತ್ತಿದ್ದಳು; ಮುಚ್ಚಿದ ನನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಕುಡಿದದ್ದು ಉಸಿರ ನಾಳಕ್ಕೆ ಇಳಿದೀತು ಅಂತ, ನುಂಗುವ ಪರೀಕ್ಷೆ ಆಗದೆ ಒಂದು ಹನಿ ಚಹಾ ಸಹ ಕೊಡಲಿಲ್ಲ. ನೋಡಲು ಬಂದವರು ಎಳನೀರು ಕುಡಿಸಲು ಹೋದರೆ ಅವರ ಕೈ ಹಿಡಿಯುತ್ತಿದ್ದಳು.

ಮನೆಗೆ ಬಂದ ಮೇಲೆ ಕಾಲು ಮೊದಲು ಬಂತು, ಮಾತು ಆಮೇಲೆ. ಕೈ ಮಾತ್ರ ಕಟ್ಟಿಗೆ. ಬೆರಳಿಗೆ ಸ್ಪರ್ಶ ಮರಳಲಿ ಅಂತ ದವಾಖಾನೆಯಲ್ಲಿ ವ್ಯಾಯಾಮ ಕಲಿಸುವಾಕೆ ಹೇಳಿದ್ದಳು: ಉಸುಕಿನಲ್ಲಿ ಕೈಯಿಟ್ಟು, ಕಣ್ಣು ಮುಚ್ಚಿ, ಅದರಲ್ಲಿ ಅಡಗಿಸಿದ್ದನ್ನು ಹುಡುಕಬೇಕು. ಹೆಂಡತಿ ದಿನಾ ಬುಟ್ಟಿ ತಂದು ಮುಂದಿಡುತ್ತಿದ್ದಳು. "ಹುಡುಕ್ರಿ." ನಾನು ಸಿಟ್ಟಿನಲ್ಲಿ ತಿರುವುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ, ಹೆಬ್ಬೆರಳ ಪಕ್ಕದಲ್ಲಿ ಏನೋ ಚುಚ್ಚಿತು. ಸಣ್ಣದು, ಚೂಪು. ಉಸಿರು ಬಿಗಿಹಿಡಿದು ಮತ್ತೊಮ್ಮೆ ಒತ್ತಿದೆ. ಇತ್ತು.

"ಏ ಇಕಿನ," ಅಂತ ಹೆಂಡತಿಯನ್ನು ಕೂಗಿದೆ. "ನಿನ್ನ ಉಸುಕಿನಾಗ ಕಲ್ಲ ಐತಿ ನೋಡ."

ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬುಟ್ಟಿಗೆ ಕೈಹಾಕಿ ಆ ಕಲ್ಲು ತೆಗೆದು ನನ್ನ ಬಲಗೈಯಲ್ಲಿಟ್ಟು ಬೆರಳು ಮಡಚಿದಳು.

"ನಾನ ಇಟ್ಟಿದ್ನಿ ಅದನ್ನ," ಅಂದಳು. "ಈಗ ಎರಡನೇದ್ದ ಹುಡುಕ್ರಿ."